ಶಿಕ್ಷಕನ ಮರುವ್ಯಾಸಂಗವೂ ಶಿಕ್ಷಣ ತಂತ್ರಜ್ಞಾನವೂ

ಅಧ್ಯಯನ, ಅಧ್ಯಾಪನ ಎಂಬ ಎರಡು ಶಬ್ದಗಳು ಒಂದೇ ಧಾತುವಿನಿಂದ ಹುಟ್ಟಿದವು. ಓದುವುದು ಅಧ್ಯಯನ, ಓದಿಸುವುದು ಅಧ್ಯಾಪನ. ವ್ಯಾಕರಣದ ದೃಷ್ಟಿಯಿಂದ ಎರಡನೆಯದು ಮೊದಲನೆಯದರ ಪ್ರೇರಣಾರ್ಥಕ ರೂಪ. ತಾನು ಓದದವನು ಇನ್ನೊಬ್ಬನನ್ನು ಓದಿಸಲಾರನೆಂಬ ಅರ್ಥವು ಆ ಶಬ್ದದ ಹುಟ್ಟಿನಲ್ಲಿಯೇ ಅಡಗಿದೆ. ಹೀಗಿದ್ದರೂ, ನೇಮಕದ ಆಜ್ಞಾಪತ್ರ ಕೈಸೇರಿದ ದಿನವೇ ಶಿಕ್ಷಕನ ಓದು ಮುಗಿಯಿತೆಂದು ತಿಳಿಯುವ ರೂಢಿ ನಮ್ಮಲ್ಲಿ ಬೆಳೆದುಬಂದಿದೆ. ಆಮೇಲೆ ಅವನಿಗೆ ಉಳಿಯುವುದು ಬಡ್ತಿಯ ಪರೀಕ್ಷೆ, ಎರಡು ಮೂರು ದಿನಗಳ ತರಬೇತಿ, ಮತ್ತು ನಿವೃತ್ತಿಯ ದಿನ ಹೊದಿಸುವ ಶಾಲು.

ಈಚೆಗೆ ನಮ್ಮ ಭಾಗದ ಗಣಿತ ಶಿಕ್ಷಕರೊಬ್ಬರು, ಹದಿನೈದು ವರ್ಷ ಪಾಠ ಹೇಳಿದವರು, ಶಿಕ್ಷಣ ತಂತ್ರಜ್ಞಾನವೆಂಬ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಹೋಗಬೇಕೆಂಬ ಇಚ್ಛೆಯನ್ನು ಹಿರಿಯರ ಮುಂದೆ ನಿವೇದಿಸಿದರು. ಅದಕ್ಕೆ ಬಂದ ಆಕ್ಷೇಪಗಳು ಅವರೊಬ್ಬರಿಗೆ ಮಾತ್ರ ಸಂಬಂಧಿಸಿದವಲ್ಲ. ಘೋಡಗೇರಿಯ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಶಾಲೆಯಲ್ಲಿ ಈ ಮಾತು ಎತ್ತಿದರೂ ಅವೇ ಆಕ್ಷೇಪಗಳು ಕೇಳಿಬರುತ್ತವೆ. ಆದ್ದರಿಂದ ನಮ್ಮ ಶಾಸ್ತ್ರಕಾರರ ಪದ್ಧತಿಯಂತೆ ಮೊದಲು ಪೂರ್ವಪಕ್ಷವನ್ನು ಮಂಡಿಸಿ, ಅನಂತರ ಸಿದ್ಧಾಂತವನ್ನು ಹೇಳುವುದು ಯುಕ್ತವೆನಿಸುತ್ತದೆ.

ಪೂರ್ವಪಕ್ಷ ಮೂರು ಬಗೆಯದು. ಒಂದು: ನಲವತ್ತು ದಾಟಿದ ಗೃಹಸ್ಥನು ಮಕ್ಕಳ ಶಾಲೆಯ ಖರ್ಚಿನ ಕಾಲದಲ್ಲಿ ತಾನೇ ಶಾಲೆಗೆ ಹೋಗುವುದೆಂದರೇನು? ಎರಡು: ಕೈಯಲ್ಲಿರುವ ಮೊಬೈಲು ಎಲ್ಲವನ್ನೂ ಹೇಳಿಕೊಡುತ್ತಿರುವಾಗ ಯಂತ್ರ ಬಳಸುವುದಕ್ಕೆ ಪದವಿಯೇಕೆ? ಮೂರು: ಹೋದವನು ಮರಳಿ ಬಾರನು, ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ನಿಲ್ಲುವನು. ಶಾಲೆ ತನ್ನ ಒಳ್ಳೆಯ ಶಿಕ್ಷಕನನ್ನು ತಾನೇ ಕಳುಹಿಸಿ ಕಳೆದುಕೊಂಡಂತಾಗುವುದು. ಮೂರೂ ಪ್ರಾಮಾಣಿಕ ಆಕ್ಷೇಪಗಳೇ. ಇವನ್ನು ನಕ್ಕು ತಳ್ಳಿಹಾಕುವುದು ಉಚಿತವಲ್ಲ.

ಮೊದಲನೆಯದಕ್ಕೆ ನಮ್ಮ ನಾಡಿನ ಚರಿತ್ರೆಯೇ ಉತ್ತರ ಹೇಳುತ್ತದೆ. ಮುಂಬಯಿ ಇಲಾಖೆಯ ಕಾಲದಲ್ಲಿ ಈ ಭಾಗದ ಕನ್ನಡ ಶಾಲೆಗಳಿಗೆ ಜೀವ ತುಂಬಿದ ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾಗಿ ಶಿಕ್ಷಕರನ್ನೇ ಶಿಷ್ಯರನ್ನಾಗಿ ಕೂರಿಸಿಕೊಂಡು ಕಲಿಸಿದವರು. ಶಿಕ್ಷಕರಿಗಾಗಿ 1860ರ ದಶಕದಲ್ಲಿ ಹೊರಟ ಪತ್ರಿಕೆಗೆ ‘ಮಠಪತ್ರಿಕೆ’ ಎಂದು ಹೆಸರಿತ್ತು. ಆಗ ಮಠವೆಂದರೆ ಪಾಠಶಾಲೆಯೆಂದೇ ಜನ ತಿಳಿದಿದ್ದರು. ಮುಂದೆ ‘ಕನ್ನಡ ಶಾಲಾಪತ್ರಿಕೆ’ಯಾಗಿ, ‘ಜೀವನ ಶಿಕ್ಷಣ’ವಾಗಿ ಆ ಪರಂಪರೆ ಧಾರವಾಡದಲ್ಲಿ ಮುಂದುವರಿಯಿತು. ಮಾಸ್ತರನು ತಿಂಗಳಿಗೊಮ್ಮೆಯಾದರೂ ವಿದ್ಯಾರ್ಥಿಯಾಗಬೇಕೆಂಬುದೇ ಅದರ ಉದ್ದೇಶವಾಗಿತ್ತು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯಲ್ಲಿ ಒಬ್ಬರಾದ ಪ್ರೊ. ಎಂ. ಆರ್. ಸಾಖರೆಯವರು ಎಂ.ಎ. ಪದವಿಗೆ ತೃಪ್ತರಾಗದೆ ಕೇಂಬ್ರಿಜ್ಜಿನ ಶಿಕ್ಷಕ ಡಿಪ್ಲೊಮಾವನ್ನೂ ಪಡೆದವರು. ಸಂಸ್ಕೃತದಲ್ಲಿ ಅಷ್ಟು ಪಾಂಡಿತ್ಯವುಳ್ಳವರಿಗೆ ಕಲಿಸುವ ಶಾಸ್ತ್ರವನ್ನು ಬೇರೆಯಾಗಿ ಕಲಿಯುವ ಅಗತ್ಯ ಕಂಡಿತೆಂದರೆ, ವಿಷಯಜ್ಞಾನವೊಂದೇ ಸಾಲದೆಂಬುದು ಆ ಹಿರಿಯರಿಗೆ ತಿಳಿದಿತ್ತೆಂದೇ ಅರ್ಥ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ಅದಕ್ಕೆ ಉತ್ತರಿಸಬೇಕಾದರೆ ಶಿಕ್ಷಣ ತಂತ್ರಜ್ಞಾನವೆಂದರೇನೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಗುಂಡಿ ಒತ್ತುವುದನ್ನು, ಚಿತ್ರ ತೋರಿಸುವುದನ್ನು ಕಲಿಸುವುದಕ್ಕೆ ವಿಶ್ವವಿದ್ಯಾಲಯ ಬೇಕಿಲ್ಲ. ಅದನ್ನು ನಮ್ಮ ಎಂಟನೆಯ ತರಗತಿಯ ಹುಡುಗರು ನಮಗೇ ಕಲಿಸುತ್ತಾರೆ. ಯಾವ ಪಾಠಕ್ಕೆ, ಯಾವ ಮಗುವಿಗೆ, ಯಾವ ಹೊತ್ತಿನಲ್ಲಿ ಯಾವ ಸಾಧನ ತಕ್ಕುದು, ಯಾವ ಹೊತ್ತಿನಲ್ಲಿ ಯಾವ ಸಾಧನವೂ ಬೇಡ, ಬಳಸಿದ ಮೇಲೆ ಮಗು ನಿಜವಾಗಿ ಕಲಿಯಿತೇ ಎಂದು ಪರೀಕ್ಷಿಸುವುದು ಹೇಗೆ, ಈ ವಿವೇಕಕ್ಕೆ ಶಿಕ್ಷಣ ತಂತ್ರಜ್ಞಾನವೆಂದು ಹೆಸರು.

ಈ ಅರ್ಥದಲ್ಲಿ ಅದು ಹೊಸದೂ ಅಲ್ಲ, ಪರಕೀಯವೂ ಅಲ್ಲ. ನಮ್ಮ ಗಾಂವಠಿ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಬರೆದುದನ್ನು ಒಂದೇ ಸವರಿಗೆ ಅಳಿಸಿ ಮತ್ತೆ ಬರೆಯಬಹುದು, ಖರ್ಚಿಲ್ಲ, ತಪ್ಪಿನ ಭಯವಿಲ್ಲ, ಬೆರಳಿಗೂ ಅಕ್ಷರದ ನೆನಪು ಉಳಿಯುತ್ತದೆ. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮಲಬಾರದ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು ಆ ಕ್ರಮವನ್ನು ತನ್ನ ಶಾಲೆಗೆ ತಂದನು. ಹಿರಿಯ ಮಗು ಕಿರಿಯ ಮಗುವಿಗೆ ಕಲಿಸುವ ಏರ್ಪಾಡನ್ನೂ ಸೇರಿಸಿ 1797ರಲ್ಲಿ ಅದರ ವರದಿಯನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. ಇಂಗ್ಲೆಂಡಿನಲ್ಲಿ ಅದು ‘ಮದರಾಸು ಪದ್ಧತಿ’ ಎಂದು ಪ್ರಸಿದ್ಧವಾಯಿತು. ಮರಳು ನಮ್ಮದು, ಅದನ್ನು ಪರೀಕ್ಷಿಸಿ, ಬರೆದಿಟ್ಟು, ಇನ್ನೊಬ್ಬರಿಗೆ ಹಸ್ತಾಂತರಿಸುವ ಶಾಸ್ತ್ರವನ್ನು ಅವನು ಮಾಡಿದನು. ನಮ್ಮ ಶಿಕ್ಷಕರಲ್ಲಿ ಅನುಭವಕ್ಕೆ ಕೊರತೆಯಿಲ್ಲ. ಆ ಅನುಭವವನ್ನು ಪರೀಕ್ಷೆಗೆ ಒಡ್ಡಿ ಶಾಸ್ತ್ರವನ್ನಾಗಿ ಮಾಡುವ ಬಿಡುವು ಮತ್ತು ಶಿಸ್ತು ಅವರಿಗೆ ದೊರೆತಿಲ್ಲ. ಮರುವ್ಯಾಸಂಗದ ಪ್ರಯೋಜನವಿರುವುದು ಇಲ್ಲಿಯೇ.

ಯಂತ್ರವನ್ನು ಕೊಂಡು ಶಿಕ್ಷಕನನ್ನು ಮರೆತರೆ ಏನಾಗುವುದೆಂಬುದಕ್ಕೆ ಕಳೆದ ಐವತ್ತು ವರ್ಷಗಳಲ್ಲಿ ಸಾಕಷ್ಟು ನಿದರ್ಶನಗಳಿವೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ಕರ್ನಾಟಕದಲ್ಲಿ ಆಗಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ವರ್ಷ ತುಂಬಿದೊಡನೆ ಉಪಗ್ರಹ ಮರಳಿ ಹೋಯಿತು. ಆ ಯೋಜನೆಯಲ್ಲಿ ಬಾಳಿಕೆ ಬಂದ ಅಂಶವೆಂದರೆ ಪ್ರಾಥಮಿಕ ಶಾಲೆಯ ಹತ್ತಿರ ಹತ್ತಿರ 50,000 ಶಿಕ್ಷಕರಿಗೆ ರಜೆಯಲ್ಲಿ ದೂರದರ್ಶನ, ಆಕಾಶವಾಣಿ, ಮುದ್ರಿತ ಪಾಠ ಮತ್ತು ಕೈಗೆಲಸಗಳನ್ನು ಜೋಡಿಸಿ ವಿಜ್ಞಾನ ಬೋಧನೆಯಲ್ಲಿ ಕೊಟ್ಟ ತರಬೇತಿ. ಪೆಟ್ಟಿಗೆ ಮೂಕವಾದ ಮೇಲೆಯೂ ಶಿಕ್ಷಕ ಕಲಿತದ್ದು ಶಿಕ್ಷಕನಲ್ಲಿ ಉಳಿಯಿತು. 1984ರಲ್ಲಿ ಕೇಂದ್ರ ಸರಕಾರ ದೇಶದ 250 ಶಾಲೆಗಳಿಗೆ ಇಂಗ್ಲೆಂಡಿನ ಗಣಕಗಳನ್ನು ಹಂಚಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಮೇಲೇರಿದಾಗ ಚಾಮರಾಜನಗರದ ಪ್ರಾಥಮಿಕ ಶಾಲೆಗಳೂ ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಮೊದಲ ಪ್ರಯೋಗದಲ್ಲಿ ಸೇರಿದವು. ಪ್ರತಿ ಸಲವೂ ಯಂತ್ರದ ಆಗಮನಕ್ಕೆ ಸಮಾರಂಭವಾಯಿತು. ಅದನ್ನು ತರಗತಿಯಲ್ಲಿ ಬಾಳಿಸಬೇಕಾದ ಶಿಕ್ಷಕನ ಓದಿಗೆ ಸಮಾರಂಭವಾದುದನ್ನು ಕೇಳಲಿಲ್ಲ.

ಎರಡು ರಾಜ್ಯಗಳ ಹೋಲಿಕೆ ಇನ್ನೂ ಬೋಧಪ್ರದವಾಗಿದೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಮಾಹಿತಿ ಸಿಂಧು’ ಯೋಜನೆಯು ಸರಕಾರಿ ಪ್ರೌಢಶಾಲೆಗಳಿಗೆ ಗಣಕ ಶಿಕ್ಷಣವನ್ನು ತಂದಿತು. ಆದರೆ ಕಲಿಸುವ ಹೊಣೆಯನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಶಾಲೆಯ ಶಿಕ್ಷಕನು ಗಣಕ ಕೊಠಡಿಯ ಹೊರಗೆ ಉಳಿದನು. ಗುತ್ತಿಗೆಯ ಅವಧಿ ಮುಗಿದಾಗ ವಿದ್ಯೆಯೂ ಬಂದವರ ಜೊತೆಗೆ ಹೊರಟುಹೋಯಿತು. ಅದೇ ಕಾಲದಲ್ಲಿ, 2001ರಲ್ಲಿ, ಕೇರಳವು ಆರಂಭಿಸಿದ ಯೋಜನೆಯಲ್ಲಿ ಶಾಲಾ ಶಿಕ್ಷಕರನ್ನೇ ಆರಿಸಿ, ಅವರನ್ನೇ ಉಳಿದ ಶಿಕ್ಷಕರಿಗೆ ತರಬೇತುದಾರರನ್ನಾಗಿ ಮಾಡಲಾಯಿತು. ಮುಕ್ತ ತಂತ್ರಾಂಶವನ್ನು ಬಳಸಿ ಕೊಳ್ಳುವ ಖರ್ಚನ್ನು ಇಳಿಸಲಾಯಿತು. 2017ರಿಂದ ಅದು ‘ಕೈಟ್’ ಎಂಬ ಸಂಸ್ಥೆಯಾಗಿ ನಡೆಯುತ್ತಿದೆ. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಗೆ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಕನ್ನಡದಲ್ಲಿಯೇ ದೊರೆಯುತ್ತದೆ. ಗಡಿಯಾಚೆಯ ಕನ್ನಡ ಮಗುವಿಗೆ ಇರುವ ಈ ಅನುಕೂಲ್ಯದ ಕಾರಣವನ್ನು ನಾವು ವಿಚಾರಿಸಬೇಕು. ಕಾರಣ ಒಂದೇ: ಅಲ್ಲಿ ತಂತ್ರಜ್ಞಾನವನ್ನು ಶಿಕ್ಷಕನ ಕೈಗೆ ಕೊಟ್ಟರು. ಕರ್ನಾಟಕವೂ ಮುಂದೆ ಶಿಕ್ಷಕರೇ ಕೂಡಿ ಪಾಠ ಸಾಮಗ್ರಿ ಬರೆಯುವ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನು ತೆರೆದು ಆ ದಾರಿಯನ್ನು ಹಿಡಿಯಿತೆಂಬುದು ಸಮಾಧಾನದ ಸಂಗತಿ.

ವಿದ್ವಾಂಸರ ಲೋಕದಲ್ಲಿಯೂ ಇದೇ ವಿವಾದ ನಡೆದಿದೆ. ಅಮೆರಿಕದ ರಿಚರ್ಡ್ ಕ್ಲಾರ್ಕ್ ಎಂಬವರು 1983ರಲ್ಲಿ, ಸಾಧನವೆಂಬುದು ದವಸ ಹೊತ್ತು ತರುವ ವಾಹನದಂತೆ, ಮೈಗೆ ಪುಷ್ಟಿ ಬರುವುದು ದವಸದಿಂದಲೇ ಹೊರತು ವಾಹನದಿಂದಲ್ಲ ಎಂಬ ತಾತ್ಪರ್ಯದ ವಾದವನ್ನು ಮಂಡಿಸಿದರು. ರಾಬರ್ಟ್ ಕೊಜ್ಮಾ ಎಂಬವರು ಅದನ್ನು ಒಪ್ಪದೆ, ಒಂದೊಂದು ಸಾಧನಕ್ಕೂ ಅದರದೇ ಆದ ಶಕ್ತಿಯುಂಟೆಂದು ಪ್ರತಿವಾದ ಹೂಡಿದರು. ಯಂತ್ರಗಳು ಶಾಲೆಗೆ ಬಂದ ಕಥೆಯನ್ನು 1986ರ ಗ್ರಂಥದಲ್ಲಿ ಬರೆದ ಲ್ಯಾರಿ ಕ್ಯೂಬನ್ನರು ಹದಿನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಷಯಗಳನ್ನು ಕಲಿಸಿದವರು. ಶಿಕ್ಷಕ ವೃತ್ತಿಯ ಅನಂತರ ಸ್ಟ್ಯಾನ್‌ಫರ್ಡಿಗೆ ಹೋಗಿ 1974ರಲ್ಲಿ ಡಾಕ್ಟರೇಟ್ ಪಡೆದವರು. ಚಲನಚಿತ್ರ, ರೇಡಿಯೋ, ದೂರದರ್ಶನಗಳು ಒಂದೊಂದಾಗಿ ಮಹಾ ಆಶ್ವಾಸನೆಯೊಡನೆ ಬಂದು ತರಗತಿಯ ಮೂಲೆ ಸೇರಿದುದೇಕೆಂದು ಅವರು ವಿವೇಚಿಸಿದ ಬಗೆಯಲ್ಲಿ ಕರಿಹಲಗೆಯ ಮುಂದೆ ನಿಂತವನ ಅನುಭವ ಕಾಣುತ್ತದೆ. 2006ರಲ್ಲಿ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ ಎಂಬಿಬ್ಬರು ವಿಷಯಜ್ಞಾನ, ಬೋಧನಜ್ಞಾನ, ತಂತ್ರಜ್ಞಾನ ಮೂರೂ ಕೂಡಿದಲ್ಲಿ ಮಾತ್ರ ನಿಜವಾದ ಬೋಧನೆ ಸಾಧ್ಯವೆಂದು ಪ್ರತಿಪಾದಿಸಿದರು. ನಮ್ಮ ಜನಕ್ಕೆ ತಿಳಿಯುವಂತೆ ಹೇಳುವುದಾದರೆ ಇದು ಮೂರು ದಳದ ಬಿಲ್ವಪತ್ರೆ. ಒಂದು ದಳ ಹರಿದರೂ ಅದು ಪೂಜೆಗೆ ಬಾರದು.

ನನ್ನ ವಿಷಯದಿಂದಲೇ ಒಂದು ಉದಾಹರಣೆ ಕೊಡುವೆನು. ಭಾಮಿನಿ ಷಟ್ಪದಿಯಲ್ಲಿ ಮೂರು-ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. ಈಗ ಪದ್ಯವನ್ನು ಗಣಕಕ್ಕೆ ಕೊಟ್ಟರೆ ಲಘು-ಗುರುಗಳನ್ನು ಹಚ್ಚಿ ಪ್ರಸ್ತಾರವನ್ನು ಕ್ಷಣದಲ್ಲಿ ಹಾಕಿಕೊಡುವಂತೆ ಮಾಡಬಹುದು. ಮಗುವು ಕೈಯಿಂದ ಪ್ರಸ್ತಾರ ಹಾಕಿ, ಎಡವಿ, ತಿದ್ದಿಕೊಂಡಾಗ ಕಿವಿಗೆ ಬರುವ ಲಯದ ತಿಳಿವಳಿಕೆ ಆಗ ಬರುವುದೇ? ಗಮಕಿಯ ಧ್ವನಿಮುದ್ರಿಕೆಯನ್ನು ಪಾಠಕ್ಕೆ ಮೊದಲು ಕೇಳಿಸಬೇಕೋ, ಮಗು ತಾನೇ ಓದಲು ಯತ್ನಿಸಿದ ಮೇಲೆ ಕೇಳಿಸಬೇಕೋ? ಮೊದಲೇ ಕೇಳಿಸಿದರೆ ಅನುಕರಣೆ ಬರುವುದು, ಅನಂತರ ಕೇಳಿಸಿದರೆ ತನ್ನ ಓದಿನೊಡನೆ ಹೋಲಿಕೆ ಹುಟ್ಟುವುದು. ಈ ಪ್ರಶ್ನೆಗೆ ಮೊಬೈಲು ಉತ್ತರ ಹೇಳದು. ಎರಡು ತರಗತಿಗಳಲ್ಲಿ ಎರಡು ಕ್ರಮದಿಂದ ಕಲಿಸಿ, ತಾಳ್ಮೆಯಿಂದ ಪರೀಕ್ಷಿಸಿ, ಬರೆದಿಡಬಲ್ಲ ಶಿಕ್ಷಕನೇ ಹೇಳಬೇಕು. ಗಣಿತದವರು ಇಂದು ಬಳಸುವ ‘ಜಿಯೋಜೀಬ್ರಾ’ ಎಂಬ ಉಚಿತ ತಂತ್ರಾಂಶವು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಬಂಧವಾಗಿ ಹುಟ್ಟಿತು. ತ್ರಿಕೋನದ ಶೃಂಗವನ್ನು ಎಳೆದರೂ ಒಳಕೋನಗಳ ಮೊತ್ತ 180 ಡಿಗ್ರಿಯಾಗಿಯೇ ಉಳಿಯುವುದನ್ನು ಮಗು ಕಣ್ಣಾರೆ ಕಾಣುವ ಅನುಕೂಲ್ಯ ಒಬ್ಬನ ವ್ಯಾಸಂಗದ ಫಲವಾಗಿ ಲೋಕಕ್ಕೆ ದೊರೆಯಿತು.

2019ರ ಆಗಸ್ಟಿನಲ್ಲಿ ಘಟಪ್ರಭೆಯು ಗೋಕಾಕದ ಪೇಟೆಯನ್ನು ಹೊಕ್ಕ ದುಃಖ ಆರುವ ಮೊದಲೇ 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದವು. ಆ ವರ್ಷ ಸರಕಾರದ ‘ವಿದ್ಯಾಗಮ’ ಯೋಜನೆಯು ಅಂತರ್ಜಾಲವುಳ್ಳ ಮಕ್ಕಳು, ಬರಿಯ ಫೋನುಳ್ಳವರು, ಏನೂ ಇಲ್ಲದವರು ಎಂದು ಮೂರು ಗುಂಪುಗಳನ್ನು ಮಾಡಿತು. ಮೂರನೆಯ ಗುಂಪಿಗಾಗಿ ಮಾಸ್ತರರು ಗುಡಿಯ ಕಟ್ಟೆಗೆ, ಮರದ ನೆರಳಿಗೆ ನಡೆದುಹೋದರು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಸಾಧನದ ಹಂಚಿಕೆಯಲ್ಲಿ ಎಷ್ಟು ಅಸಮಾನತೆಯಿದೆಯೆಂಬುದನ್ನು ಅಂದು ಎಲ್ಲರೂ ಕಂಡೆವು. ಅಂಥ ಹೊತ್ತಿನಲ್ಲಿ ಯಾವ ಮಗುವಿಗೆ ಯಾವ ದಾರಿಯೆಂದು ಯೋಜಿಸಬಲ್ಲ ಒಬ್ಬ ಶಿಕ್ಷಿತ ಶಿಕ್ಷಕ ಪ್ರತಿ ಶಾಲೆಗೂ ಬೇಕು. ಈಗಲಂತೂ ಕೃತಕ ಬುದ್ಧಿಮತ್ತೆಯು ಕೇಳಿದ ನಿಬಂಧವನ್ನು ಕನ್ನಡದಲ್ಲಿಯೇ ಬರೆದುಕೊಡುತ್ತಿದೆ. ನಿಬಂಧ ಬರೆಯಿಸುವುದರ ಉದ್ದೇಶವೇನಿತ್ತೆಂದು ನಾವು ಮೂಲದಿಂದ ವಿಚಾರ ಮಾಡಬೇಕಾಗಿದೆ.

ಹಾಗಾದರೆ ದಾರಿಗಳಾವುವು? ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ 2010ರಿಂದ ಈ ವಿಷಯದಲ್ಲಿ ಡಾಕ್ಟರೇಟ್ ಸಂಶೋಧನೆ ನಡೆಯುತ್ತಿದೆ. ಮಹರ್ಷಿ ಕರ್ವೆಯವರು 1916ರಲ್ಲಿ ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ತಂತ್ರಜ್ಞಾನಕ್ಕೆಂದೇ ವಿಭಾಗವಿದೆ. 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಶಿಕ್ಷಣಶಾಸ್ತ್ರದ ಎಂ.ಎ.ಯಲ್ಲಿ ಇದನ್ನು ವಿಶೇಷ ವಿಷಯವನ್ನಾಗಿ ಇಟ್ಟು ಮನೆಯಲ್ಲಿದ್ದೇ ಓದುವ ಅವಕಾಶ ಕಲ್ಪಿಸಿತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 2006ರಲ್ಲಿ ಆರಂಭಿಸಿದ ಶಿಕ್ಷಣದ ಎಂ.ಎ.ಯು ಕೆಲಸದಲ್ಲಿದ್ದವರು ಕೆಲವು ವಾರ ಹೋಗಿ ಕುಳಿತು, ಉಳಿದ ಕಾಲ ಊರಿನಲ್ಲಿದ್ದೇ ಓದುವಂತೆ ರಚಿತವಾಗಿತ್ತು. ನನ್ನ ಮತದಲ್ಲಿ ನಡುವಯಸ್ಸಿನ ಶಿಕ್ಷಕನಿಗೆ ಇಂಥ ಮಿಶ್ರಕ್ರಮವೇ ಶ್ರೇಯಸ್ಕರ. ಏಕೆಂದರೆ ಓದಿದ್ದನ್ನು ಮರುವಾರವೇ ತನ್ನ ತರಗತಿಯಲ್ಲಿ ಒರೆಗೆ ಹಚ್ಚಬಹುದು. ಶಿಕ್ಷಕಿಯರಿಗಂತೂ, ಮನೆಯ ಹೊಣೆಯನ್ನು ಇನ್ನೊಬ್ಬರು ಹೊರದ ನಮ್ಮ ಸಮಾಜದಲ್ಲಿ, ಬೇರೆ ದಾರಿಯೇ ಇಲ್ಲ.

ಒಂದು ತೊಡಕನ್ನು ಮರೆಮಾಚುವಂತಿಲ್ಲ. ಈ ವ್ಯಾಸಂಗವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತು ವರ್ಷ ಸೊಗಸಾಗಿ ಕಲಿಸಿದವನು ಪ್ರವೇಶ ಪರೀಕ್ಷೆಯ ಬಾಗಿಲಲ್ಲಿಯೇ ಹಿಂಜರಿದು ನಿಲ್ಲುತ್ತಾನೆ. ಕನ್ನಡಕ್ಕೆ ಈ ಕಾರ್ಯ ಅಸಾಧ್ಯವೆನ್ನಲು ಕಾರಣವಿಲ್ಲ. ಕೆ. ಪಿ. ರಾಯರು ಕನ್ನಡಕ್ಕೆ ಸುಲಭವಾದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟರು. ಕನ್ನಡ ಲಿಪಿ ಯೂನಿಕೋಡಿನಲ್ಲಿ ಸ್ಥಾನ ಪಡೆಯಿತು. ಆದರೂ ಹಳೆಯ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಪ್ರಶ್ನಪತ್ರಿಕೆ ಇನ್ನೊಂದು ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವ ಸಂಕಟ ಇಂದಿಗೂ ನಮ್ಮ ಶಾಲೆಗಳಲ್ಲಿ ಉಂಟು. ಇದನ್ನು ಹೊರಗಿನ ತಂತ್ರಜ್ಞ ಬಗೆಹರಿಸಲಾರ. ಅವನಿಗೆ ಅದು ಸಂಕಟವೆಂದೇ ತೋರದು. ಓದಿ ಬಂದ ಶಿಕ್ಷಕನು ತಾನು ಕಲಿತುದನ್ನು ಕನ್ನಡದಲ್ಲಿ ಬರೆಯಬೇಕು, ಪರಿಭಾಷೆಯನ್ನು ಹುಟ್ಟಿಸಬೇಕು. ಪರಿಭಾಷೆ ಒದಗಿಸುವಲ್ಲಿ ನಮ್ಮಂಥ ಪಂಡಿತರೂ ಹೆಗಲು ಕೊಡಬೇಕು. ಆಗ ಮುಂದಿನವನಿಗೆ ಬಾಗಿಲು ಸ್ವಲ್ಪ ಅಗಲವಾದೀತು.

ಇನ್ನು ಮೂರನೆಯ ಆಕ್ಷೇಪ: ಹೋದವನು ಮರಳಿ ಬರುವನೇ? ಬಾರದವರೂ ಉಂಟು. ಆದರೆ ಬಂದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆಂಬುದನ್ನೂ ಕೇಳಿಕೊಳ್ಳೋಣ. ತಂತ್ರಜ್ಞಾನ ಓದಿ ಬಂದ ಶಿಕ್ಷಕನಿಗೆ ತರಗತಿಯನ್ನು ತಪ್ಪಿಸಿ, ಕಚೇರಿಯ ಅಂಕಿ-ಅಂಶ ತುಂಬುವ, ಸಮಾರಂಭದ ಚಿತ್ರ ಕಳುಹಿಸುವ ಕೆಲಸವನ್ನು ಒಪ್ಪಿಸುವುದು ಎಲ್ಲೆಡೆಯ ರೂಢಿ. ಓದಿಗೆ ಗೌರವವಿಲ್ಲದ ಮನೆಗೆ ಯಾರು ಮರಳುವರು? ಮರಳುವಂತೆ ಮಾಡುವುದು ಆಡಳಿತ ಮಂಡಳಿಯ ಕೈಯಲ್ಲಿದೆ.

ಆದ್ದರಿಂದ ಸಿದ್ಧಾಂತವನ್ನು ಸಂಕ್ಷೇಪವಾಗಿ ಹೇಳುವೆನು. ಹೋಗುವ ಶಿಕ್ಷಕನು ಪದವಿಯ ಆಸೆಯಿಂದಲ್ಲ, ತನ್ನ ತರಗತಿಯ ಒಂದು ಬಗೆಹರಿಯದ ಪ್ರಶ್ನೆಯನ್ನು ಲಿಖಿತವಾಗಿ ಇಟ್ಟುಕೊಂಡು ಹೋಗಬೇಕು. ಆ ಪ್ರಶ್ನೆಯೇ ಅವನ ಪ್ರಬಂಧದ ವಿಷಯವಾಗಬೇಕು. ಸಂಸ್ಥೆಯು ಅವನ ಸ್ಥಾನವನ್ನು ಕಾದಿರಿಸಿ, ಅವನಿಲ್ಲದ ಕಾಲಕ್ಕೆ ಬದಲಿ ಶಿಕ್ಷಕನನ್ನು ನೇಮಿಸಬೇಕು. ಮರಳಿ ಬಂದ ಮೇಲೆ ಅವನು ಅದೇ ತರಗತಿಯಲ್ಲಿ ಕನಿಷ್ಠ ಮೂರು ವರ್ಷ ಕಲಿಸಬೇಕು, ಮತ್ತು ವಾರಕ್ಕೊಂದು ತಾಸು ಸಹಶಿಕ್ಷಕರೊಡನೆ ಕುಳಿತು ಕಲಿತದ್ದನ್ನು ಹಂಚಬೇಕು.

ದಾನಿಗಳಲ್ಲಿ ಒಂದು ವಿನಂತಿ. ತಾವು ಕೊಟ್ಟ ಕೊಠಡಿಯ ಮೇಲೆ, ತೆರೆಯ ಮೇಲೆ ತಮ್ಮ ಹಿರಿಯರ ಹೆಸರನ್ನು ಬರೆಯಿಸುವುದು ಯೋಗ್ಯವೇ. ಆದರೆ ತೆರೆಯು ಐದಾರು ವರ್ಷಗಳಲ್ಲಿ ಹಳತಾಗುವುದು. ಓದಿದ ಶಿಕ್ಷಕನು ಇಪ್ಪತ್ತು ವರ್ಷ ಕಲಿಸುವನು. ಮುಂದಿನ ವರ್ಷ ಒಂದು ಯಂತ್ರಕ್ಕೆ ಮೀಸಲಿಟ್ಟ ಹಣವನ್ನು ಒಬ್ಬ ಬದಲಿ ಶಿಕ್ಷಕನ ಸಂಬಳಕ್ಕೆ, ಒಬ್ಬ ಶಿಕ್ಷಕಿಯ ವ್ಯಾಸಂಗದ ಶುಲ್ಕಕ್ಕೆ ಕೊಟ್ಟು ನೋಡಬೇಕು. ಅದೂ ಅಕ್ಷರ ದಾಸೋಹವೇ. ಹುಕ್ಕೇರಿ ತಾಲೂಕಿನ ಜನ ಈ ತತ್ತ್ವವನ್ನು ಬೇರೆ ಕ್ಷೇತ್ರದಲ್ಲಿ ಹಿಂದೆಯೇ ಮನಗಂಡಿದ್ದಾರೆ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಸ್ಥಾಪನೆಯಾಯಿತು. ಹಳ್ಳಿಯವರೇ ಸದಸ್ಯರಾಗಿ ತಮ್ಮ ದೀಪದ ವ್ಯವಸ್ಥೆಯನ್ನು ತಾವೇ ನೋಡಿಕೊಳ್ಳುವ ಆ ಸಂಘ ಇಂದಿಗೂ ನಡೆಯುತ್ತಿದೆ. ಕಂಬ, ತಂತಿಗಳು ಎಲ್ಲಿಂದಲಾದರೂ ಬರಲಿ, ಅವನ್ನು ನಡೆಸುವ ತಿಳಿವಳಿಕೆ ಊರಿನಲ್ಲಿಯೇ ಇದ್ದರೆ ಮಾತ್ರ ದೀಪ ಉರಿಯುವುದು. ಶಾಲೆಯ ಯಂತ್ರಗಳ ವಿಷಯದಲ್ಲಿಯೂ ಆ ತಿಳಿವಳಿಕೆಯನ್ನು ನಮ್ಮವರಲ್ಲಿ ಬೆಳೆಸುವುದು ನಮ್ಮೆಲ್ಲರ ಹೊಣೆ. ಬರುವ ಜೂನ್ ತಿಂಗಳಿನೊಳಗಾಗಿ ಕನಿಷ್ಠ ಒಬ್ಬ ಶಿಕ್ಷಕರಾದರೂ ನಮ್ಮ ಶಾಲೆಯಿಂದ ವಿದ್ಯಾರ್ಥಿಯಾಗಿ ಹೊರಡುವಂತಾಗಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.